ಅತ್ತೆಯವರು ಒತ್ತಿದ ಬಟನ್

ಮೊಸರಿನಲ್ಲಿ ಕಲ್ಲು ಹುಡುಕುವುದು ನನ್ನ ಉದ್ಯೋಗ. ಇದು ಬೈಗುಳವಲ್ಲ, ತಿಂಗಳ ಕೊನೆಗೆ ನನಗೆ ಅದಕ್ಕೇ ಸಂಬಳ ಬರುತ್ತದೆ. ವಿಶಾಖಪಟ್ಟಣದಲ್ಲಿ, ಋಷಿಕೊಂಡದ ಗುಡ್ಡದ ಮೇಲೆ ನಮ್ಮ ಆಫೀಸು. ಉಳಿದವರು ಅಲ್ಲಿ ಸಾಫ್ಟ್‌ವೇರ್ ಬರೆಯುತ್ತಾರೆ, ನಾನು ಅದು ಎಲ್ಲೆಲ್ಲಿ ಕೈಕೊಡುತ್ತದೆ ಎಂದು ನೋಡುತ್ತೇನೆ. ಕಿಟಕಿಯಾಚೆ ಸಮುದ್ರ. ಹೊಸದಾಗಿ ಸೇರಿದವರು ಒಂದು ವಾರ ಅದನ್ನೇ ನೋಡುತ್ತಾರೆ, ಆಮೇಲೆ ಕಂಪ್ಯೂಟರಿನ ಮೇಲೆ ಬಿಸಿಲು ಬೀಳುತ್ತದೆಂದು ಪರದೆ ಎಳೆದುಬಿಡುತ್ತಾರೆ.

ಮದುವೆಯಾದ ಹೊಸದರಲ್ಲಿ ಅತ್ತೆಯವರು ನನ್ನ ಕೆಲಸವೇನೆಂದು ಕೇಳಿದ್ದರು. ನಾನು ಧಾರವಾಡದವಳು, ಸುತ್ತಿಬಳಸಿ ಮಾತಾಡಲು ಬರುವುದಿಲ್ಲ. "ಇನ್ನೊಬ್ರು ಮಾಡಿದ್ರಾಗ ತಪ್ಪು ಹುಡುಕೋದ್ರೀ ಅತ್ತಿ" ಎಂದೆ. ಅವರು ಹುಣಸೆಹಣ್ಣು ಬಿಡಿಸುತ್ತಿದ್ದ ಕೈ ನಿಲ್ಲಿಸಿ ನನ್ನನ್ನು ನೋಡಿದರು. "ಅದಕ್ಕೂ ಸಂಬಳ ಕೊಡ್ತಾರೇನಮ್ಮಾ? ನಮ್ಮತ್ತೆ ಬಿಟ್ಟೀನೇ ಮಾಡ್ತಿದ್ರಲ್ಲ!" ಎಂದರು. ನನಗೆ ಅವರ ಮೇಲೆ ಪ್ರೀತಿ ಹುಟ್ಟಿದ್ದು ಆ ಮಾತಿಗೇ.

ಅತ್ತೆಯವರದು ಬಳ್ಳಾರಿ. ವಿಜಯವಾಡದ ತೆಲುಗು ಮನೆಗೆ ಸೊಸೆಯಾಗಿ ಬಂದು ಒಂದು ಆಯುಷ್ಯವೇ ಕಳೆದಿದೆ. ಗವರ್ನರ್‌ಪೇಟೆಯಲ್ಲಿ ಕೆಳಗೆ ಮಾವನವರ ಪಾತ್ರೆ ಅಂಗಡಿ, ಮೇಲೆ ಮನೆ. ಬೀದಿಯಲ್ಲಿ ಆಟೋಗಳು ದಿನವಿಡೀ ಹಾರ್ನ್ ಹೊಡೆಯುತ್ತಿದ್ದರೂ ಅವರ ಪೂಜೆಯ ಗಂಟೆ ಮೂರನೇ ಮನೆಗೆ ಕೇಳಿಸುತ್ತದೆ. ಅವರ ಕನ್ನಡದಲ್ಲಿ ತೆಲುಗು ಸೇರಿ ಎಷ್ಟು ದಿನವಾಯಿತೋ, ಈಗ ಎರಡನ್ನೂ ಬೇರ್ಪಡಿಸಲು ಆಗುವುದಿಲ್ಲ. ನನ್ನ ಗಂಡನಿಗೆ ಕನ್ನಡ ಅಮ್ಮನ ಎದುರು ಮಾತ್ರ ಬರುತ್ತದೆ, ಅದೂ ಹಸಿವಾದಾಗ ಹೆಚ್ಚು ಚೆನ್ನಾಗಿ ಬರುತ್ತದೆ.

ತಮ್ಮ ಅತ್ತೆಯ ಕೈಯಲ್ಲಿ ಅವರು ಸಾಕಷ್ಟು ಅನುಭವಿಸಿದ್ದರು. ಅದಕ್ಕೇ ಇರಬೇಕು, ಸೊಸೆ ಮಾಡಿದ್ದಕ್ಕೆ ಹೆಸರಿಡಬಾರದು ಎಂದು ಒಂದು ವ್ರತವನ್ನೇ ಹಿಡಿದುಬಿಟ್ಟಿದ್ದರು. ನಾನು ಬಡಿದ ಜೋಳದ ರೊಟ್ಟಿ ಹಂಚಿನ ಮೇಲೆ ನಾಲ್ಕು ಚೂರಾದರೂ "ಬಾಗುಂದಿ, ಚೆನ್ನಾಗೈತಮ್ಮಾ" ಎನ್ನುವರು. ಸಾರಿಗೆ ಎರಡು ಸಲ ಉಪ್ಪು ಬಿದ್ದಿದ್ದರೂ ಬಾಗುಂದಿ. ಪೇಟೆಯಿಂದ ತಂದ ಸಾಮಾನಿಗೆ ಮಾತ್ರ ಈ ದಯೆ ಇರಲಿಲ್ಲ. ಬದನೆಕಾಯಿ ತಂದವನಿಗೆ ಅದರ ತೊಟ್ಟು, ಬಣ್ಣ, ತೂತು ಎಲ್ಲವನ್ನೂ ತೋರಿಸಿ ನೀರಿಳಿಸುತ್ತಿದ್ದರು. ಅವರು ನನ್ನ ಟೀಮಿನಲ್ಲಿ ಇದ್ದಿದ್ದರೆ ಎಂದು ಎಷ್ಟೋ ಸಲ ಆಸೆಪಟ್ಟಿದ್ದೇನೆ.

ಇಂಥವರಿಗೆ ಗ್ಲಾಕೋಮಾ ಬಂತು. ಕಣ್ಣಿನೊಳಗಿನ ಒತ್ತಡ ಏರಿ, ಅಂಚಿನಿಂದ ನೋಟ ಸ್ವಲ್ಪಸ್ವಲ್ಪವೇ ಹೋಗುವ ಕಾಯಿಲೆ ಇದು. ನೋವಿಲ್ಲ, ಉರಿಯಿಲ್ಲ, ಹೋಗುತ್ತಿದೆ ಎಂಬುದೇ ಗೊತ್ತಾಗುವುದಿಲ್ಲ. ಹೋದದ್ದು ತಿರುಗಿ ಬರುವುದಿಲ್ಲ, ಬೆಳಿಗ್ಗೆ ಸಂಜೆ ತಪ್ಪದೆ ಹನಿ ಹಾಕಿಕೊಂಡರೆ ಉಳಿದದ್ದು ಉಳಿಯುತ್ತದೆ ಎಂದು ಡಾಕ್ಟರಮ್ಮ ಹೇಳಿದರು. ಅತ್ತೆಯವರು ಕೇಳಿದ್ದು ಒಂದೇ ಪ್ರಶ್ನೆ: ಓದಲು ಆಗುತ್ತದೆಯೋ ಇಲ್ಲವೋ? ಬಳ್ಳಾರಿಯಿಂದ ಅವರ ತಂಗಿ ಕನ್ನಡ ಪುಸ್ತಕಗಳನ್ನು ಕಟ್ಟಿ ಕಳಿಸುತ್ತಿದ್ದರು. ಮಧ್ಯಾಹ್ನ ಊಟವಾದ ಮೇಲೆ ಬಾಲ್ಕನಿಯ ಬಾಗಿಲಲ್ಲಿ ಕೂತು ಅವನ್ನು ಓದುವುದು ಅವರ ದಿನದ ಸ್ವಂತ ಹೊತ್ತು. ಮಗನ ಹಸಿವಿನ ಕನ್ನಡ ಬಿಟ್ಟರೆ ಆ ಮನೆಯಲ್ಲಿ ಕನ್ನಡ ಮಾತಾಡಲು ಇದ್ದವಳು ನಾನೊಬ್ಬಳು, ನಾವಿಬ್ಬರೂ ದೂರದ ವಿಶಾಖಪಟ್ಟಣದಲ್ಲಿ. ಕಣ್ಣು ಹೋದರೆ ಅವರ ಕನ್ನಡವೂ ಹೋಗುತ್ತದೆಂದು ನನಗೆ ನಿಜಕ್ಕೂ ಹೆದರಿಕೆಯಾಗಿತ್ತು.

ಅದೇ ಸಮಯಕ್ಕೆ ನಮ್ಮ ಆಫೀಸಿಗೆ ಒಂದು ಕಣ್ಣಿನ ಆಸ್ಪತ್ರೆಯ ಕೆಲಸ ಬಂತು. ಗ್ಲಾಕೋಮಾ ಇರುವವರಿಗೆ ಹನಿ ಹಾಕುವ ಹೊತ್ತನ್ನು ನೆನಪಿಸುವ ಆಪ್. ಹೊತ್ತಾದಾಗ ಫೋನು ಕೂಗಬೇಕು, ಹನಿ ಹಾಕಿಕೊಂಡವರು "ಹಾಕಿದೆ" ಎಂಬ ಬಟನ್ ಒತ್ತಬೇಕು, ಒತ್ತಿದರೆ ಆ ದಿನಕ್ಕೆ ಹಸಿರು, ಇಲ್ಲದಿದ್ದರೆ ಕೆಂಪು. ಆ ಹಸಿರು ಕೆಂಪು ಆಸ್ಪತ್ರೆಗೂ ಮನೆಯವರಿಗೂ ಕಾಣಿಸಬೇಕು. ಕೋಡ್ ಬರೆಯುವ ಮುಖ್ಯಸ್ಥರು ಮಂಗಳೂರಿನ ಕಡೆಯವರು, ಎರಡು ವರ್ಷಕ್ಕೆಂದು ಇಲ್ಲಿಗೆ ಬಂದವರು. "ಮೊದಲು ಪೂರ್ತಿ ಆಗ್ಲಿ ಮಾರಾಯ್ರೆ, ಆಮೇಲೆ ನೀವು ಬೇಕಾದಷ್ಟು ಕುಟ್ಟಿ ನೋಡಿ" ಎಂದರು. ಎಲ್ಲರೂ ಹೀಗೆಯೇ ಹೇಳುತ್ತಾರೆ. ಸಾರು ಕುದಿಯುವಾಗಲೇ ಉಪ್ಪು ನೋಡಬೇಕು, ಎಲೆಗೆ ಬಡಿಸಿದ ಮೇಲಲ್ಲ ಎಂದು ನಾನು ಜಗಳ ತೆಗೆದೆ. ಅವರಿಗೆ ನನ್ನ ಜಗಳದ ಅಭ್ಯಾಸವಿತ್ತು, ಒಪ್ಪಿಕೊಂಡರು. ಪ್ರತಿ ಶುಕ್ರವಾರ ಅಲ್ಲಿಯತನಕ ಆದಷ್ಟನ್ನು ನಾಲ್ಕಾರು ಮನೆಗಳ ಫೋನಿಗೆ ಹಾಕಿ, ನಿಜವಾಗಿ ಹನಿ ಹಾಕಿಕೊಳ್ಳುವವರ ಕೈಯಲ್ಲಿ ನೋಡುವುದೆಂದಾಯಿತು. ಮೊದಲ ಫೋನು ಅತ್ತೆಯವರದು.

ನನ್ನ ಪರೀಕ್ಷೆಗಳನ್ನೂ ಬಿಡಲಿಲ್ಲ. ಚಾರ್ಜ್ ಮುಗಿಯುವಾಗ ಅಲಾರಂ ಬಂದರೆ? ಅದೇ ಹೊತ್ತಿಗೆ ಫೋನ್ ಬಂದರೆ? ನೆಟ್‌ವರ್ಕ್ ಇಲ್ಲದ ಊರಿಗೆ ಹೋದರೆ? ಬಟನ್ ಎರಡು ಸಲ ಒತ್ತಿದರೆ? ಫೋನನ್ನು ಬಾತ್‌ರೂಮಿನ ಬಕೆಟ್ ಪಕ್ಕ ಇಟ್ಟು ನೋಡಿದೆ, ಅಕ್ಕಿ ಡಬ್ಬಿಯೊಳಗೆ ಹಾಕಿ ಕೂಗು ಕೇಳಿಸುತ್ತದೆಯೇ ಎಂದು ನೋಡಿದೆ. ಸಿಕ್ಕ ತಪ್ಪುಗಳನ್ನು ಮಂಗಳೂರಿನವರು ಗೊಣಗುತ್ತಲೇ ತಿದ್ದಿದರು.

ವಿಜಯವಾಡದಿಂದ ಮಾತ್ರ ಒಂದೂ ತಪ್ಪು ಬರಲಿಲ್ಲ. ಅತ್ತೆಯವರ ಪಟ್ಟಿ ಬೆಳಿಗ್ಗೆ ಸಂಜೆ ಬರೀ ಹಸಿರು. ಮೀಟಿಂಗಿನಲ್ಲಿ ಅದನ್ನೇ ಗೋಡೆಯ ಮೇಲೆ ತೋರಿಸಿ ಎಲ್ಲರೂ ತಲೆದೂಗಿದರು. ನಾನು ಫೋನ್ ಮಾಡಿ ಕೇಳುತ್ತಿದ್ದೆ: "ಹೆಂಗದ ರೀ ಅತ್ತಿ, ತ್ರಾಸೇನರ ಆಗ್ತದೇನು?"

"ಏನೂ ಇಲ್ಲಮ್ಮಾ. ಬಾಗುಂದಿ. ಮಾಡಿದ್ದು ಯಾರು, ನನ್ನ ಸೊಸೆ ಕದಾ, ಅಲ್ವೇನಮ್ಮಾ?"

ಹಾಗೆ ಕೇಳಿದಾಗ ಮನಸ್ಸಿಗೆ ಹಿತವಾಗುತ್ತಿತ್ತು, ಸುಳ್ಳೇಕೆ ಹೇಳಲಿ. ಆದರೆ ಒಂದೂ ಕಲ್ಲು ಸಿಗದ ಮೊಸರೆಂದರೆ ನನಗೆ ಊಟ ಸೇರುವುದಿಲ್ಲ. ಒಂದು ದಿನ ಆ ಹಸಿರನ್ನೇ ಬಿಡಿಸಿ ನೋಡಿದೆ. ಬೆಳಗಿನ ಅಲಾರಂ ಕೂಗಿದ ಮರುಕ್ಷಣವೇ ಪ್ರತಿದಿನವೂ ಬಟನ್ ಒತ್ತಿದ್ದಾರೆ. ಫ್ರಿಡ್ಜಿನಿಂದ ಬಾಟಲಿ ತೆಗೆದು, ಮುಚ್ಚಳ ತಿರುವಿ, ತಲೆ ಎತ್ತಿ, ರೆಪ್ಪೆ ಎಳೆದು ಹನಿ ಬಿಟ್ಟುಕೊಳ್ಳುವುದು ಅಷ್ಟು ಬೇಗ ಯಾರಿಂದಲೂ ಆಗದು. ಶನಿವಾರ ಬರುವುದನ್ನೇ ಕಾದು, ಗಂಡನನ್ನು ಎಬ್ಬಿಸಿಕೊಂಡು ವಿಜಯವಾಡದ ರೈಲು ಹತ್ತಿದೆ.

ಮರುದಿನ ಬೆಳಿಗ್ಗೆ ಹಾಲ್‌ನಲ್ಲಿ ಪೇಪರ್ ಹಿಡಿದು ಕೂತೆ. ಅತ್ತೆಯವರು ಸ್ನಾನ ಮುಗಿಸಿ ಮಡಿಯುಟ್ಟು ದೇವರ ಕೋಣೆ ಸೇರಿದ್ದರು. ಮಡಿಯಲ್ಲಿರುವಾಗ ಅವರು ಯಾರನ್ನೂ ಏನನ್ನೂ ಮುಟ್ಟುವುದಿಲ್ಲ, ನೈವೇದ್ಯವಾಗುವತನಕ ಮಾವನವರೂ ಗೋಡೆಗೆ ಸರಿದು ನಡೆಯಬೇಕು. ಎಲ್ಲರ ಕೈ ತಗಲುವ ಫ್ರಿಡ್ಜು, ಫೋನು ಎರಡೂ ಆಗ ದೂರ. ಅಷ್ಟರಲ್ಲಿ ಟೀಪಾಯಿಯ ಮೇಲಿದ್ದ ಫೋನು ಕೂಗಿತು. ಒಳಗಿನಿಂದ ಗಂಟೆಯ ಸದ್ದಿನ ನಡುವೆಯೇ ಅತ್ತೆಯವರ ತೆಲುಗು ಬಂತು: "ಆ ಗೋಲ ಆಪವೇ!" ಆ ಗಲಾಟೆ ನಿಲ್ಲಿಸೇ ಎಂದು. ನೆಲ ಒರೆಸುತ್ತಿದ್ದ ಮನೆಕೆಲಸದಾಕೆ ಎದ್ದು, ಒದ್ದೆ ಕೈಯನ್ನು ಸೆರಗಿಗೆ ಒರೆಸಿ, "ಹಾಕಿದೆ" ಬಟನ್ ಒತ್ತಿ, ಮತ್ತೆ ನೆಲ ಒರೆಸಲು ಕೂತಳು. ಹಸಿರು ಬಂತು. ಬಾಟಲಿ ಫ್ರಿಡ್ಜಿನಲ್ಲೇ ಇತ್ತು.

ನಾನು ಬಾಯಿ ಬಿಗಿಹಿಡಿದು ಕಾದೆ. ಪೂಜೆ ಮುಗಿಯಿತು. ಇಬ್ರಾಹಿಂಪಟ್ನಂನಿಂದ ಮದುವೆಗೆ ಪಾತ್ರೆ ಕೊಳ್ಳುವವರು ಬಂದಿದ್ದಾರೆಂದು ಮಾವನವರು ಬೇಗ ತಿಂಡಿ ಕೇಳಿದರು. ಹೆಸರುಕಾಳಿನ ಪೆಸರಟ್ಟು ಹುಯ್ಯುವುದಾಯಿತು, ಚಟ್ನಿಯಾಯಿತು, ಪಕ್ಕದ ಮನೆಯವರು ಕರಿಬೇವು ಕೇಳಿಕೊಂಡು ಬಂದರು. ನಮಗೆಲ್ಲ ಕಾಫಿ ಕೊಟ್ಟು ಅತ್ತೆಯವರು ಹಾಯಾಗಿ ಕೂತರು. ನನಗೆ ಇನ್ನು ತಡೆಯಲಾಗಲಿಲ್ಲ.

"ಅತ್ತಿ, ಹನಿ ಹಾಕ್ಕೊಂಡ್ರೇನ್ರಿ?"

"ಅಯ್ಯೋ ರಾಮಾ!" ಎಂದು ಎದ್ದರು.

ಹನಿ ನಾನೇ ಹಾಕಿದೆ. ಹಾಕಿ, ಅವರು ಕಣ್ಣು ಮುಚ್ಚಿ ಕೂತಿದ್ದಾಗಲೇ ಕೇಳಿದೆ: "ಖರೇ ಹೇಳ್ರಿ, ಹಿಂಗ ಎಷ್ಟು ಸಲ ಆಗೇದ?"

"ಮಡೀಲಿದ್ದಾಗ ಅದನ್ನ ಹೆಂಗಮ್ಮಾ ಮುಟ್ಲಿ? ಪೂಜೆ ಆದ್ಮೇಲೆ ಹಾಕ್ಕೊಂಡ್ರಾಯ್ತು ಅಂತೀನಿ. ಒಂದೊಂದಿನ ನೆನಪಿರ್ತೈತೆ. ಒಂದೊಂದಿನ ಹೋಗ್ತೈತೆ."

"ಮತ್ತ ನಂಗ್ಯಾಕ ಹೇಳ್ಲಿಲ್ಲ?"

"ನಿಮ್ಮಾಫೀಸಿನೋರೆಲ್ಲ ಅದನ್ನ ನೋಡ್ತಾರೆ ಅಂತ ನೀನೇ ಅಂದಿದ್ದೆ. ಅಷ್ಟು ಜನರ ಮುಂದೆ ಸೊಸೆ ಮಾಡಿದ್ದಕ್ಕೆ ಕೆಂಪು ಹಚ್ಲೇನು ನಾನು?"

ನನಗೆ ಸಿಟ್ಟು ನೆತ್ತಿಗೇರಿತು. "ನಿಮ್ಮ ಕಣ್ಣು ಹೋದ ಮ್ಯಾಲೆ ಆ ಹಸಿರು ತಗೊಂಡು ಒಲ್ಯಾಗ ಇಡ್ಲೇನು?" ಎಂದು ಕೂಗಿದೆ. ಗಂಡ ಪೇಪರಿನ ಹಿಂದೆ ಅಡಗಿದ. ಅತ್ತೆಯವರು ಕಣ್ಣು ಮುಚ್ಚಿಕೊಂಡೇ ನಕ್ಕರು. ತಮಗಾಗಿ ಮನೆಯಲ್ಲಿ ಒಬ್ಬರು ಕೂಗಾಡಿದ್ದು ಅವರಿಗೆ ಸಂತೋಷವೇ ಆದಂತಿತ್ತು. ಅಷ್ಟು ಪ್ರೀತಿ ಇಟ್ಟುಕೊಂಡವರ ಮೇಲೆ ಸಿಟ್ಟು ಎಷ್ಟು ಹೊತ್ತು ನಿಲ್ಲುತ್ತದೆ!

ಆಗ ನನಗೊಂದು ಉಪಾಯ ಹೊಳೆಯಿತು. ಫೋನನ್ನು ಅವರ ಕೈಗೆ ಕೊಟ್ಟು, "ಇದನ್ನ ನಾ ಮಾಡಿಲ್ರೀ. ಪ್ಯಾಟ್ಯಾಗ ಯಾವನೋ ಮಾರ್ಲಿಕ್ಕೆ ತಂದಾನ. ತಗೋಬೇಕೋ ಬ್ಯಾಡೋ ನೀವು ನೋಡಿ ಹೇಳ್ರಿ" ಎಂದೆ.

ಅತ್ತೆಯವರು ಕನ್ನಡಕ ಏರಿಸಿದರು. ಬದನೆಕಾಯಿಗೆ ಬಂದ ಗತಿ ಆಪಿಗೂ ಬಂತು. ಅಕ್ಷರ ಸಾಸಿವೆಯಷ್ಟಿವೆ, ಕಣ್ಣಿಲ್ಲದವರಿಗೆ ಮಾಡಿದವನಿಗೆ ಬುದ್ಧಿ ಬೇಡವೇ? ದನಿಯೋ, ಬಸ್ಸಿನಿಂದ ಇಳಿಸುವ ಕಂಡಕ್ಟರನದು. ಕೆಂಪು ನೋಡಿದರೆ ತಪ್ಪು ಮಾಡಿ ಸಿಕ್ಕಿಬಿದ್ದಂತೆ ಎದೆ ಹೊಡೆದುಕೊಳ್ಳುತ್ತದೆ. ಇಷ್ಟು ಹೇಳಿ ಬಟನ್ ಮೇಲೆ ಬೆರಳಿಟ್ಟರು. "ಇದು ನೋಡಮ್ಮಾ, ಕೂಗೋಕೆ ಶುರು ಮಾಡಿದ್ರೆ ನಿಲ್ಸೋಕೆ ಇರೋದು ಇದೊಂದೇ. ಹಾಕಿದೆ ಅನ್ಬೇಕು, ಇಲ್ಲಾಂದ್ರೆ ಒದರ್ತಾನೇ ಇರ್ತೈತೆ. ಸುಮ್ಮನಿರಿಸ್ಬೇಕಂದ್ರೆ ಸುಳ್ಳು ಹೇಳ್ಲೇಬೇಕು. ಬೇರೆ ದಾರಿ ಎಲ್ಲೈತೆ?"

ಬಕೆಟ್, ಅಕ್ಕಿ ಡಬ್ಬಿ, ಸತ್ತ ಬ್ಯಾಟರಿ ಎಲ್ಲವನ್ನೂ ನೋಡಿದ್ದ ನನ್ನ ಪರೀಕ್ಷೆಗಳಲ್ಲಿ ಮಡಿ ಇರಲಿಲ್ಲ. ಪೂರ್ತಿಯಾದ ಮೇಲೆ ನೋಡಿದ್ದರೆ ಆ ಒಂದು ಬಟನ್ ಊರೆಲ್ಲ ಹಬ್ಬಿ, ಎಲ್ಲ ಮನೆಗಳಿಂದಲೂ ಸುಳ್ಳು ಹಸಿರೇ ಬರುತ್ತಿತ್ತು. ಆ ಭಾನುವಾರ ನಾನು ಎರಡು ಪೆಸರಟ್ಟು ಹೆಚ್ಚಿಗೆ ತಿಂದೆ.

ಸೋಮವಾರ ಮಂಗಳೂರಿನವರು ನನ್ನ ಮಾತು ಕೇಳಿ ಕುರ್ಚಿಗೆ ಒರಗಿದರು. "ಇದು ನಿಮ್ಮೊಂದು ಮನೆಯ ವಿಷಯ ಅಲ್ವಾ ಮಾರಾಯ್ರೆ? ಮಡಿಗೆಲ್ಲ ಕೋಡ್ ಬರೀಲಿಕ್ಕೆ ಆಗ್ತದಾ?"

"ನಿಮ್ಮ ತಾಯಿ ಮೀನು ತೊಳಿಯೋವಾಗ ಫೋನ್ ಬಂದ್ರ ಏನ್ ಮಾಡ್ತಾರ?" ಎಂದು ಕೇಳಿದೆ.

ಅವರಿಗೆ ನಗು ತಡೆಯಲಾಗಲಿಲ್ಲ. "ಮೊಣಕೈಯಲ್ಲಿ ಒತ್ತಿ ಬಂದ್ ಮಾಡ್ತಾರೆ" ಎಂದರು. ಸಂಜೆಯೊಳಗೆ "ಆಮೇಲೆ" ಎಂಬ ಇನ್ನೊಂದು ಬಟನ್ ಬಂದಿತ್ತು. ಅದನ್ನು ಯಾರು ಬೇಕಾದರೂ ಒತ್ತಬಹುದು, ಫೋನು ಸುಮ್ಮನಾಗಿ ಸ್ವಲ್ಪ ಹೊತ್ತಿನ ಮೇಲೆ ಮೆತ್ತಗೆ ಮತ್ತೆ ಕರೆಯುತ್ತದೆ. ಕೆಂಪನ್ನು ಅವರೇ ತೆಗೆದು ಬೂದು ಬಣ್ಣ ಹಾಕಿದರು. ಕಂಡಕ್ಟರನನ್ನೂ ಇಳಿಸಿದರು. ಮುಂದಿನ ವಾರ ವಿಜಯವಾಡದ ಹಸಿರಿನ ನಡುವೆ ಅಲ್ಲಲ್ಲಿ ಬೂದು ಕಾಣಿಸಿಕೊಂಡಿತು. ನಾನು ಫೋನ್ ಮಾಡಿ ನೆನಪಿಸುವಂತಾಯಿತು, ಬರಬರುತ್ತ ಬೂದು ಕಡಿಮೆಯಾಯಿತು.

ಕಥೆ ಇಲ್ಲಿಗೆ ಮುಗಿಯಿತೆಂದು ನಾನು ನೆಮ್ಮದಿಯಾಗಿದ್ದೆ. ಆಮೇಲೆ ಕಣ್ಣಿನ ತಪಾಸಣೆಯ ದಿನ ಬಂತು. ಈ ಸಲ ನಾನೂ ಜೊತೆಗೆ ಹೋದೆ. ನೋಟದ ಅಂಚು ಎಷ್ಟು ಉಳಿದಿದೆ ಎಂದು ನೋಡಲು ಆಸ್ಪತ್ರೆಯ ಕತ್ತಲೆ ಕೋಣೆಯಲ್ಲಿ ಒಂದು ಯಂತ್ರವಿದೆ, ಅದನ್ನು ನಡೆಸಲು ಒಬ್ಬ ಹುಡುಗಿ ಕೂತಿರುತ್ತಾಳೆ. ಒಂದು ಕಣ್ಣು ಮುಚ್ಚಿ, ದೊಡ್ಡ ಬೋಗುಣಿಯಂಥದರೊಳಗೆ ಮುಖವಿಟ್ಟು ಕೂರಬೇಕು. ಒಳಗೆ ಎಲ್ಲೆಲ್ಲೋ ಒಂದೊಂದು ಚಿಕ್ಕ ಬೆಳಕು ಹೊತ್ತಿ ಆರುತ್ತದೆ. ಕಂಡಾಗಲೆಲ್ಲ ಕೈಯಲ್ಲಿರುವ ಬಟನ್ ಒತ್ತಬೇಕು, ಕಾಣದಿದ್ದರೆ ಸುಮ್ಮನಿರಬೇಕು. ಪರೀಕ್ಷೆ ಮುಗಿದ ಮೇಲೆ ಡಾಕ್ಟರಮ್ಮ ಕಾಗದ ನೋಡಿ ನನ್ನನ್ನು ಒಳಗೆ ಕರೆದರು. ಇದನ್ನು ನಂಬುವಂತಿಲ್ಲ, ಬೆಳಕೇ ಇಲ್ಲದಾಗಲೂ ನಿಮ್ಮತ್ತೆ ಒತ್ತಿದ್ದಾರೆ, ಹಿಂದಿನ ಸಲವೂ ಹೀಗೆಯೇ ಮಾಡಿದ್ದರು ಎಂದರು. ಎಷ್ಟು ಹೋಗಿದೆ ಎಂದು ತಿಳಿಯದೆ ಔಷಧಿ ಬದಲಿಸುವುದು ಹೇಗೆ ಎಂದು ಕೇಳಿದರು.

ಹೊರಗೆ ಬೆಂಚಿನ ಮೇಲೆ ಅತ್ತೆಯವರು ಕರವಸ್ತ್ರದಿಂದ ಕಣ್ಣೊರೆಸಿಕೊಳ್ಳುತ್ತ ಕೂತಿದ್ದರು. ಪಕ್ಕದಲ್ಲಿ ಕೂತು ಯಾಕೆ ಹಾಗೆ ಒತ್ತಿದಿರೆಂದು ಕೇಳಿದೆ.

"ಆ ಅಮ್ಮಾಯಿ ಪಾಪ, ಕತ್ತಲ್ಲಿ ನನಗೋಸ್ಕರ ಕೂತಿರ್ತಾಳೆ. ಎಷ್ಟೊತ್ತು ಅಂತ ಒತ್ತದೆ ಕೂರೋದು? ಮರ್ಯಾದೆ ಅಲ್ಲ."

ಅವರು ಕರವಸ್ತ್ರವನ್ನು ಮಡಚಿದರು, ಬಿಚ್ಚಿದರು. ಆಮೇಲೆ ದನಿ ತಗ್ಗಿಸಿದರು. "ಒತ್ತಿದ್ರೆ ಕಾಣ್ತೈತೆ ಅಂತ ಬರ್ಕೊಳ್ತಾರೆ. ಒತ್ತದೆ ಇದ್ರೆ ಹೋಯ್ತು ಅಂತ ಬರೀತಾರೆ. ಬರೆದ್ಮೇಲೆ ಅದು ಹೋಗೇಬಿಡ್ತೈತೆ ಕದಮ್ಮಾ?"

ಅವರ ಎಲ್ಲ ಬಾಗುಂದಿಗಳ ಹಿಂದೆ ಇಷ್ಟು ಹೆದರಿಕೆ ಇತ್ತೆಂದು ನನಗೆ ತಿಳಿದೇ ಇರಲಿಲ್ಲ. ಅವರ ಕೈ ಹಿಡಿದುಕೊಂಡೆ. ಮಡಿಯಿಲ್ಲದ ಹೊತ್ತು, ಬಿಡಿಸಿಕೊಳ್ಳಲಿಲ್ಲ. "ಅತ್ತಿ, ಇದು ಸಾಲೀ ಪರೀಕ್ಷಾ ಅಲ್ಲ. ನಿಮ್ಮನ್ನ ಯಾರೂ ಫೇಲ್ ಮಾಡೂದಿಲ್ಲ. ನಾ ದಿನಾ ತಪ್ಪು ಹುಡುಕ್ತೀನಲ್ಲ, ಅದು ಮಾಡಿದವ್ರಿಗೆ ಬೈಲಿಕ್ಕೆ ಅಲ್ರೀ, ಮಾಡಿದ್ದನ್ನ ಉಳಸ್ಲಿಕ್ಕೆ. ಎಲ್ಲಿ ಹೋಗೇದ ಅಂತ ಗೊತ್ತಾದ್ರ ಇನ್ನುಳಿದದ್ದು ಕಾಯಬಹುದು. ನೀವು ಓದೋ ಜಾಗಾ ಉಳೀಬೇಕು. ನಂಗದು ಬೇಕು" ಎಂದೆ. ಅವರು ನನ್ನ ಮುಖವನ್ನೇ ನೋಡುತ್ತ ಕೂತರು.

ದಣಿವಾರಿಸಿಕೊಂಡು ಬರಲಿ ಎಂದು ಡಾಕ್ಟರಮ್ಮ ಮುಂದಿನ ವಾರಕ್ಕೆ ಮತ್ತೆ ಕರೆದಿದ್ದರು. ನಾನು ರಜೆ ಹಾಕಿ ಬಂದೆ. ಅತ್ತೆಯವರು ಒಳಗೆ ಹೋದ ಮೇಲೆ ಪರದೆಯ ಈಚೆ ಕುರ್ಚಿಯಲ್ಲಿ ಕೂತೆ. ಒಳಗಿನಿಂದ ಬಟನ್ ಒತ್ತಿದಾಗಲೆಲ್ಲ ಟಿಕ್ ಎನ್ನುವುದು ಕೇಳಿಸುತ್ತಿತ್ತು. ಮೊದಲು ಬಲಗಣ್ಣು. ಟಿಕ್, ಟಿಕ್, ನಡುವೆ ಸ್ವಲ್ಪ ಬಿಡುವು, ಮತ್ತೆ ಟಿಕ್. ಆಮೇಲೆ ಎಡಗಣ್ಣು. ಒಂದು ಟಿಕ್ ಬಂತು. ನಂತರ ಏನೂ ಇಲ್ಲ. ಕಾದೆ, ಇಲ್ಲ. ಇನ್ನೊಂದು ಬಂತು, ಮತ್ತೆ ಇಲ್ಲ. ಆಫೀಸಿನಲ್ಲಿ ಒಂದು ಪರೀಕ್ಷೆ ಸೋತರೆ ನಾನು ಹಿಗ್ಗುವವಳು, ಸಿಕ್ಕಿತಲ್ಲ ಎಂದು ಮೇಜು ಕುಟ್ಟುವವಳು. ಇಲ್ಲಿ ಒಂದೊಂದು ಮೌನಕ್ಕೂ ಒತ್ತಿಬಿಡಲಿ, ಒಂದು ಸಲ ಒತ್ತಿಬಿಡಲಿ ಎಂದು ನಾನೇ ಬೇಡಿಕೊಂಡೆ. ಅವರು ಒತ್ತಲಿಲ್ಲ.

ಕಾಗದದ ಮೇಲೆ ಎಡಗಣ್ಣಿನ ಹೊರಬದಿ ಕಪ್ಪಾಗಿತ್ತು. ಡಾಕ್ಟರಮ್ಮ ಅದನ್ನು ಬಹಳ ಹೊತ್ತು ನೋಡಿ, ಈಗ ದಾರಿ ಕಾಣಿಸಿತು ಎಂದರು. ನಡುವಿನ ಓದುವ ಜಾಗ ಎರಡೂ ಕಣ್ಣಲ್ಲಿ ಚೆನ್ನಾಗಿಯೇ ಇದೆ, ಅದನ್ನು ಕಾಯೋಣ ಎಂದು ಇನ್ನೊಂದು ಹನಿ ಬರೆದುಕೊಟ್ಟರು. ಅತ್ತೆಯವರು ಕಾಗದದ ಕಪ್ಪನ್ನು ಬೆರಳಿನಿಂದ ಒಮ್ಮೆ ಮುಟ್ಟಿ ನೋಡಿ ಕೈಗೆ ಚೀಲ ತೆಗೆದುಕೊಂಡರು.

ಆಸ್ಪತ್ರೆಯಿಂದ ಹೊರಗೆ ಬಂದಾಗ ರಸ್ತೆ ತುಂಬಿ ಹರಿಯುತ್ತಿತ್ತು. ನಾನು ಎಂದಿನಂತೆ ಅವರ ಎಡಗಡೆಗೆ ನಿಂತು, ಕೈ ಹಿಡಿದು ದಾಟಿಸಲು ಹೊರಟೆ. ಅವರು ಹೆಜ್ಜೆ ಎತ್ತಲಿಲ್ಲ. ನನ್ನ ತೋಳು ಹಿಡಿದು ಬಲಗಡೆಗೆ ಎಳೆದುಕೊಂಡರು.

"ಈ ಕಡೆ ಬಾರಮ್ಮಾ. ಆ ಕಡೆ ನಿಂತ್ರೆ ನೀನು ನನಗೆ ಕಾಣೋದಿಲ್ಲ."

ಇಷ್ಟು ಕಾಲ ನಾನು ಆ ಕಡೆಗೇ ನಡೆಯುತ್ತಿದ್ದೆ. ಅವರು ಒಂದು ದಿನವೂ ಏನೂ ಅಂದಿರಲಿಲ್ಲ.

"ಮೊದ್ಲ ಯಾಕ ಹೇಳ್ಲಿಲ್ರೀ ಅತ್ತಿ?"

"ಈಗ ಹೇಳಿದ್ನಲ್ಲ" ಎಂದು ಅವರು ರಸ್ತೆಗೆ ಇಳಿದರು.